ಎರಡನೆಯ ಮೊಲ

ಅವರನ್ನು ಕಟುಕಿ ಎಂದವರಿದ್ದಾರೆ. ನನ್ನ ಉಗ್ರಾಣದ ಬಾಗಿಲಲ್ಲೇ ನಿಂತು, ನನ್ನ ಕೈಯಿಂದಲೇ ಕೈಗವಸಿನ ಪೊಟ್ಟಣ ಇಸಿದುಕೊಳ್ಳುತ್ತಾ, "ಆ ಹೆಂಗಸಿಗೆ ಕರುಳು ಅನ್ನೋದಿದೆಯಾ ಹೇಳಿ" ಎಂದು ಕೇಳಿದವರಿದ್ದಾರೆ. ಈಗ ಅದೇ ಜನ ಸಂಸ್ಥೆಗೆ ಬಂದ ಗೌರವವನ್ನು ತಾವೇ ಹೆತ್ತ ಮಗುವಿನಂತೆ ಎತ್ತಿಕೊಂಡು ತಿರುಗುತ್ತಿದ್ದಾರೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಬರೆಯುವವಳಲ್ಲ. ಆದರೂ ಈ ಒಬ್ಬ ಹೆಂಗಸಿನ ವಿಷಯ ಬರೆಯದೆ ಬಿಟ್ಟರೆ ತಿಂದದ್ದು ಅರಗುವುದಿಲ್ಲ.

ನಮ್ಮದು ಪರೀಕ್ಷೆ ಮಾಡುವ ಸಂಸ್ಥೆ. ಶಾಂಪೂ, ನೆಲ ಒರೆಸುವ ದ್ರಾವಣ, ಗೋಡೆಯ ಬಣ್ಣ, ಬೆಳೆಗೆ ಹೊಡೆಯುವ ಔಷಧಿ, ಏನೇ ಆಗಲಿ, ಅಂಗಡಿಗೆ ಹೋಗುವ ಮೊದಲು ಅದು ಮನುಷ್ಯರ ಮೈಗೆ ಎಷ್ಟು ಕೇಡು ಎಂದು ನೋಡಿ ಹೇಳುವುದು ನಮ್ಮ ಕೆಲಸ. ನಮ್ಮ ಎಂದೆ, ಆದರೆ ನಾನೇನು ವಿಜ್ಞಾನಿಯಲ್ಲ. ಉಗ್ರಾಣ ನನ್ನ ಸುಪರ್ದಿನಲ್ಲಿತ್ತು. ಪರೀಕ್ಷೆಗೆ ಬಂದ ಪ್ರತಿಯೊಂದರಲ್ಲೂ ಒಂದು ಸೀಸೆಗೆ ಮೊಹರು ಹಾಕಿ ತಂಪು ಕೋಣೆಯಲ್ಲಿ ಇಟ್ಟುಕೊಳ್ಳುವುದು, ಹತ್ತಿ, ಗಾಜಿನ ಸಾಮಾನು, ಮೊಲದ ಮೇವು ಕೊಡುವುದು, ಕೇಳದೆ ತೆಗೆದುಕೊಂಡವರಿಗೆ ಬಾಯಿಗೆ ಬಂದ ಹಾಗೆ ಬೈಯುವುದು ನನ್ನ ಕೆಲಸ. ಬೈಯುವುದರಲ್ಲಂತೂ ನನ್ನದು ಎತ್ತಿದ ಕೈ.

ಮೇವಿಗೆಂದು ಬರುತ್ತಿದ್ದವರೇ ಮೊಲದಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎತ್ತರದ ಆಳು, ಬಿಗಿದು ಕಟ್ಟಿದ ಕೂದಲು, ನಡೆದರೆ ಸಪ್ಪಳವಿಲ್ಲ. ನೆಲಮಾಳಿಗೆಯ ಕೊನೆಯಲ್ಲಿ, ಎರಡು ಬಾಗಿಲು ದಾಟಿದ ಮೇಲೆ, ಮೊಲಗಳ ಕೋಣೆ. ಕಿಟಕಿಯಿಲ್ಲ. ಗೋಡೆಗುಂಟ ಉಕ್ಕಿನ ಗೂಡುಗಳು, ಮೇಲೆ ಸದಾ ಗುಂಯ್ ಎನ್ನುವ ಗಾಳಿಯಂತ್ರ. ಬೆಳಿಗ್ಗೆ ಒಳಗೆ ಹೋದವರು ಸಂಜೆ ಹೊರಗೆ ಬಂದಾಗ ಬಿಸಿಲಿತ್ತೋ ಮೋಡವಿತ್ತೋ ಅವರಿಗೆ ಗೊತ್ತಿರುತ್ತಿರಲಿಲ್ಲ.

ಕಣ್ಣಿನ ಪರೀಕ್ಷೆ ಅವರದು. ಮೊಲವನ್ನು ಮಡಿಲಲ್ಲಿ ಕೂರಿಸಿಕೊಂಡು, ಒಂದು ಕಣ್ಣಿನ ಕೆಳರೆಪ್ಪೆ ಎಳೆದು, ವಸ್ತುವಿನ ಹನಿ ಬಿಡುವುದು. ಇನ್ನೊಂದು ಕಣ್ಣನ್ನು ಹೋಲಿಕೆಗೆಂದು ಹಾಗೇ ಬಿಡುವುದು. ಆಮೇಲೆ ಟಾರ್ಚು ಹಿಡಿದು, ಕಣ್ಣು ಎಷ್ಟು ಕೆಂಪಾಯಿತು, ಮೇಲಿನ ತಿಳಿಪೊರೆ ಎಷ್ಟು ಮಬ್ಬಾಯಿತು ಎಂದು ದಿನದಿನವೂ ನೋಡಿ ಅಂಕ ಹಾಕುವುದು. ಅಂಕ ಹೆಚ್ಚಿದಷ್ಟೂ ಕೇಡು ಹೆಚ್ಚು. ಮೊದಲು ಒಂದೇ ಮೊಲಕ್ಕೆ ಹಾಕಬೇಕು. ಅದರ ಕಣ್ಣು ಪೂರ್ತಿ ಕೆಟ್ಟರೆ "ತೀವ್ರ" ಎಂದು ಬರೆದು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಅಷ್ಟೇನೂ ಕೆಡದಿದ್ದರೆ ಖಾತ್ರಿಗಾಗಿ ಇನ್ನೆರಡು ಮೊಲಕ್ಕೆ ಹಾಕಲೇಬೇಕು. ಅಂಕವನ್ನು ಇಬ್ಬರು ನೋಡಿ ಸಹಿ ಹಾಕಬೇಕೆಂಬ ನಿಯಮವೂ ಇತ್ತು. ಆ ಎರಡನೆಯವರು ಒಬ್ಬ ಡಾಕ್ಟರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಂತು, "ನೀವು ನೋಡಿದ್ರಲ್ಲ, ಸಾಕು ಬಿಡಿ" ಎಂದು ಸಹಿ ಗೀಚಿ ಓಡುತ್ತಿದ್ದರು.

ಆ ಕೋಣೆಯ ವಾಸನೆ ಎಷ್ಟು ತೊಳೆದರೂ ಬಟ್ಟೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಮೊಲದಕ್ಕನ ಪಕ್ಕದ ಸೀಟು ಖಾಲಿಯಾಗಿಯೇ ಇರುತ್ತಿತ್ತು. "ಮಹಾರಾಣಿ ಹಾಗೆ ಆರಾಮಾಗಿ ಬರ್ತೀನಿ ಕಣ್ರೀ" ಎಂದು ಅವರೇ ಒಮ್ಮೆ ತಮಾಷೆ ಮಾಡಿದ್ದರು. ಮಧ್ಯಾಹ್ನ ಹಿಂಬಾಗಿಲ ಮೆಟ್ಟಿಲ ಮೇಲೆ, ಗೋಡೆಗೆ ಮುಖ ಮಾಡಿ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದರು. ನಾನು ಎಷ್ಟೋ ಸಲ ಕರೆದಿದ್ದೇನೆ, "ಒಳಗೆ ಬನ್ರೀ, ನನ್ನ ಮೇಜಿದೆ, ಫ್ಯಾನಿದೆ" ಎಂದು.

"ಬೇಡಿ ಸ್ಟೋರಮ್ಮ. ನಾನು ಬಂದು ಕೂತ್ರೆ ನಿಮ್ಮ ಹತ್ತಿರ ಬರೋರು ಬರೋದು ಬಿಡ್ತಾರೆ."

"ಬಿಟ್ಟರೆ ಬಿಡಲಿ, ಪೀಡೆ ತೊಲಗಿತು ಅಂದ್ಕೋತೀನಿ!"

ನಗುತ್ತಿದ್ದರು. ಬರುತ್ತಿರಲಿಲ್ಲ. ನಾನು ಹೇಳಿ ಕೇಳಿ ವಾಚಾಳಿ, ಗೋಡೆಯ ಹತ್ತಿರವೂ ಮಾತಾಡುವವಳು. ಅವರು ಮಾತನ್ನು ತೂಕ ಹಾಕಿ ಕೊಡುವವರು. ಒಂದೇ ಕಟ್ಟಡದಲ್ಲಿ ಅರ್ಧ ಆಯುಷ್ಯ ಕಳೆದರೂ ನಮ್ಮ ಗೆಳೆತನ ಮೇವಿನ ಮೂಟೆಯಿಂದ ಆಚೆಗೆ ಹೋಗಲಿಲ್ಲ.

ಮದುವೆಯಾಗಿರಲಿಲ್ಲ. ಅಪ್ಪ ಬೇಗ ಹೋಗಿಬಿಟ್ಟಿದ್ದರಿಂದ ಒಬ್ಬನೇ ತಮ್ಮನನ್ನು ಓದಿಸಿ, ಕೆಲಸಕ್ಕೆ ಹಚ್ಚಿ, ಅವನ ಮದುವೆ ಮಾಡುವಷ್ಟರಲ್ಲಿ ಇವರ ವಯಸ್ಸು ಜಾರಿತ್ತು. ರಜೆ ಸಿಕ್ಕರೆ ತಮ್ಮನ ಮನೆಗೆ ಹೋಗುತ್ತಿದ್ದರು. ತಮ್ಮನ ಮಗಳೆಂದರೆ ಜೀವ. ಅವಳಿಗೆಂದು ಉಣ್ಣೆಯ ಟೋಪಿ ಹೆಣೆಯುತ್ತಿದ್ದುದನ್ನು ನಾನೇ ನೋಡಿದ್ದೆ. ಒಂದು ಸಲ ಹೋಗಿದ್ದಾಗ ಮಗುವಿನ ಕಣ್ಣಿಗೆ ದೂಳು ಬಿತ್ತಂತೆ. ಇವರು ಅಭ್ಯಾಸಬಲದಿಂದ ಮಗುವನ್ನು ಮಡಿಲಿಗೆ ಎಳೆದುಕೊಂಡು ರೆಪ್ಪೆಗೆ ಬೆರಳಿಟ್ಟಿದ್ದಾರೆ. ಮಗು ಕಿಟಾರನೆ ಕಿರುಚಿ, "ಅತ್ತೆ, ನನ್ನ ಕಣ್ಣಿಗೂ ಹಾಕ್ತೀಯಾ? ನನ್ನನ್ನೂ ಕುರುಡಿ ಮಾಡ್ತೀಯಾ?" ಎಂದಿತಂತೆ. ಅತ್ತೆಯ ಕೆಲಸದ ಬಗ್ಗೆ ಆ ಮನೆಯಲ್ಲಿ ಏನು ಮಾತು ನಡೆಯುತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ತಮ್ಮ ತಲೆ ತಗ್ಗಿಸಿದನಂತೆ. ತಮ್ಮನ ಹೆಂಡತಿ ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದಳಂತೆ. ಇದನ್ನೆಲ್ಲ ನನಗೆ ಹೇಳುವಾಗ ಮೊಲದಕ್ಕನ ಕಣ್ಣಲ್ಲಿ ನೀರಿರಲಿಲ್ಲ. "ಮಗು ಅಲ್ವಾ, ಕೇಳಿದ್ದನ್ನ ಹೇಳುತ್ತೆ" ಎಂದು ಮೇವಿನ ಮೂಟೆ ಹೊತ್ತು ಹೊರಟರು. ಆಮೇಲೆ ರಜೆಯ ದಿನವೂ ಕೆಲಸಕ್ಕೆ ಬರತೊಡಗಿದರು.

ಇನ್ನೊಂದು ಸಂಗತಿ ಹೇಳಬೇಕು. ಒಮ್ಮೆ ಸಾಬೂನಿನವರೊಬ್ಬರು ಬಂದರು. ಗಂಡ ಹೆಂಡತಿ ಇಬ್ಬರೇ ಸೇರಿ ಪಾತ್ರೆ ತೊಳೆಯುವ ದ್ರಾವಣ ತಯಾರಿಸುತ್ತಿದ್ದರು. ಅದಕ್ಕೆ ನಮ್ಮಲ್ಲಿ "ತೀವ್ರ" ಎಂದು ಬಂದಿತ್ತು. ಹಾಗೆ ಬಂದರೆ ಅದು ಅಡುಗೆಮನೆಗೆ ಹೋಗುವ ಹಾಗಿಲ್ಲ. ಆ ಮನುಷ್ಯ ಮೇಲಿನ ಕೋಣೆಗಳಿಗೆಲ್ಲ ಅಲೆದು, ಎಲ್ಲರಿಂದಲೂ ಇಲ್ಲ ಎನ್ನಿಸಿಕೊಂಡು, ಕೊನೆಗೆ ನನ್ನ ಉಗ್ರಾಣದ ಮುಂದೆ ಬಂದು ನಿಂತರು.

"ನನ್ನ ಹೆಂಡ್ತಿ ದಿನಾ ಇದರಲ್ಲೇ ಕೈ ಅದ್ದಿಕೊಂಡಿರ್ತಾಳಮ್ಮ. ಎಷ್ಟು ಸಲ ಕಣ್ಣಿಗೆ ಸಿಡಿದಿದೆ. ಉರಿಯುತ್ತೆ, ತೊಳ್ಕೊಂಡ್ರೆ ಹೋಗುತ್ತೆ. ಕುರುಡಾಗೋ ಅಂಥದ್ದು ಇದರಲ್ಲೇನಿದೆ?"

ನನಗೇನು ಗೊತ್ತು? ಮೇಲೆ ಕೇಳಿ ಎಂದೆ. ಅವರು ಜೇಬಿನಿಂದ ಸೀಸೆ ತೆಗೆದು, ನಾನು ಅಯ್ಯೋ ಎನ್ನುವಷ್ಟರಲ್ಲಿ, ತಲೆ ಹಿಂದಕ್ಕೆ ಬಾಗಿಸಿ ತಮ್ಮ ಕಣ್ಣಿಗೇ ಬಿಟ್ಟುಕೊಂಡರು. ಆಗ ಒಳಗೆ ಮೇವು ತುಂಬಿಕೊಳ್ಳುತ್ತಿದ್ದ ಮೊಲದಕ್ಕ ಓಡಿ ಬಂದರು. ನನ್ನ ಕಪಾಟಿನಿಂದ ಉಪ್ಪುನೀರಿನ ಬಾಟಲಿ ಕಿತ್ತುಕೊಂಡು ಕಣ್ಣು ತೊಳೆದರು. ಸ್ವಲ್ಪ ಹೊತ್ತು ಕೂರಿಸಿ, ಗಲ್ಲ ಹಿಡಿದು, ಟಾರ್ಚು ಬಿಟ್ಟು ನೋಡಿದರು. ಕಣ್ಣು ಕೆಂಪಗಿತ್ತು, ಅಷ್ಟೇ. ಸಾಬೂನಿನವರು ರೆಪ್ಪೆ ಬಡಿಯುತ್ತಾ, "ನೋಡಿದ್ರಾ? ಕಾಣಿಸ್ತಿದೆ ನನಗೆ, ಚೆನ್ನಾಗಿ ಕಾಣಿಸ್ತಿದೆ" ಎಂದು ಮಗುವಿನಂತೆ ಹೇಳುತ್ತಿದ್ದರು. ಮೊಲದಕ್ಕನ ಮುಖ ಮಾತ್ರ ಬಿಳಚಿಕೊಂಡಿತು. ಮರುವಾರ ನನ್ನನ್ನು ಕೇಳಿದರು, ಆ ಮನುಷ್ಯ ಮತ್ತೆ ಬಂದಿದ್ದರೇ ಎಂದು. ಬಂದಿರಲಿಲ್ಲ. ಅವರ ಕಾರ್ಖಾನೆಗೆ ಬೀಗ ಬಿದ್ದಿದೆ ಎಂದು ಸಾಮಾನು ಸಾಗಿಸುವ ಗಾಡಿಯವನು ಹೇಳಿದ್ದ. ಅದನ್ನೇ ಹೇಳಿದೆ.

ಇದಾಗಿ ಕೆಲವು ವರ್ಷಕ್ಕೆ ನಮ್ಮಲ್ಲಿಗೆ ಹೊಸ ಮೇಡಂ ಬಂದರು. ತೆಳ್ಳಗೆ, ಕುಳ್ಳಗೆ, ದಪ್ಪ ಕನ್ನಡಕ. ಯಾವಾಗ ನೋಡಿದರೂ ಕೈಗಡಿಯಾರದ ಕಡೆ ಕಣ್ಣು. ಸತ್ತವರು ದಾನ ಮಾಡಿದ ಕಣ್ಣುಗಳಿಂದ ಮೇಲ್ಪದರದ ಜೀವಕೋಶ ತೆಗೆದು, ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಬೆಳೆಸಿ, ನಿಜವಾದ ಕಣ್ಣಿನ ತಿಳಿಪೊರೆಯಂತೆಯೇ ಒಂದು ತೆಳುಪದರ ಮಾಡುವುದು ಅವರ ಕೆಲಸ. ಮೊಲದ ಬದಲು ಆ ಪದರದ ಮೇಲೆ ಹನಿ ಬಿಟ್ಟು, ಆಮೇಲೆ ಒಂದು ಬಣ್ಣ ಹಾಕಿ ನೋಡುತ್ತಿದ್ದರು. ಬದುಕಿರುವ ಕೋಶ ನೇರಳೆಗೆ ತಿರುಗುತ್ತದೆ, ಸತ್ತದ್ದು ತಿರುಗುವುದಿಲ್ಲ. ನೇರಳೆ ಎಷ್ಟು ಗಾಢವೋ ವಸ್ತು ಅಷ್ಟು ನಿರಪಾಯ. ಆ ಬಟ್ಟಲುಗಳಿಗೆ ದಿನ ಬಿಟ್ಟು ದಿನ ಪೋಷಕದ್ರವ ಬದಲಿಸಬೇಕು. ಬೆಂಕಿ ಬೀಳಲಿ, ಬಂದ್ ಆಗಲಿ, ಬದಲಿಸಲೇಬೇಕು. "ನಿಮ್ಮ ಮಕ್ಕಳಿಗೆ ಊಟ ಆಯ್ತಾ ಮೇಡಂ?" ಎಂದು ನಾನು ರೇಗಿಸುತ್ತಿದ್ದೆ. "ಹಟಮಾರಿಗಳು ರೀ, ತಿಂದಷ್ಟೂ ಸಾಲಲ್ಲ" ಎನ್ನುತ್ತಿದ್ದರು.

ಮೊಲದಕ್ಕ ಸಂಜೆ ಮನೆಗೆ ಹೋಗುವ ಮುಂಚೆ ಆ ಪ್ರಯೋಗಾಲಯದ ಗಾಜಿನ ಬಾಗಿಲ ಹೊರಗೆ ನಿಂತು ನೋಡುವುದು ರೂಢಿಯಾಯಿತು. ಒಳಗೆ ಬನ್ನಿ ಎಂದರೆ ಬಟ್ಟೆಯ ಕಡೆ ಕೈ ತೋರಿಸಿ ಬೇಡ ಎನ್ನುತ್ತಿದ್ದರು. ಒಂದು ದಿನ ನಾನೂ ಅಲ್ಲಿದ್ದಾಗ ಮೇಡಂ ಹೊರಗೆ ಬಂದರು.

"ಅದಕ್ಕೆ ನೋವಾಗುತ್ತಾ ಮೇಡಂ?" ಎಂದು ಮೊಲದಕ್ಕ ಕೇಳಿದರು.

"ಇಲ್ಲ ಅಕ್ಕ. ನೋವು ಗೊತ್ತಾಗ್ಬೇಕಾದ್ರೆ ನರ ಬೇಕು. ಇದು ಬರೀ ಪದರ, ನರವೇ ಇಲ್ಲ."

"ಒಂಚೂರೂ ಇಲ್ವಾ?"

"ಒಂಚೂರೂ ಇಲ್ಲ."

ಅವತ್ತು ಮೊಲದಕ್ಕ ಬಸ್ ನಿಲ್ದಾಣದವರೆಗೆ ನನ್ನ ಜೊತೆ ಮಾತಾಡುತ್ತಾ ಬಂದರು. ಏನು ಮಾತಾಡಿದರೋ ನೆನಪಿಲ್ಲ. ಮಾತಾಡಿದರು ಎನ್ನುವುದೇ ನನಗೆ ದೊಡ್ಡ ವಿಷಯವಾಗಿತ್ತು.

ಮೇಡಂ ವಿಧಾನಕ್ಕೆ ಮಾನ್ಯತೆ ಸಿಗಬೇಕು. ಅದಕ್ಕೊಂದು ಸಮಿತಿ. ಆ ಸಮಿತಿ ಒಪ್ಪಿದರೆ ನಮ್ಮಲ್ಲಿ ಅಷ್ಟೇ ಅಲ್ಲ, ಇಂಥ ಎಲ್ಲ ಸಂಸ್ಥೆಗಳಲ್ಲೂ ಮೊಲದ ಕಣ್ಣಿನ ಪರೀಕ್ಷೆ ನಿಲ್ಲುತ್ತದೆ. ಒಪ್ಪದಿದ್ದರೆ ಬಟ್ಟಲು ಬಚ್ಚಲಿಗೆ, ಮೊಲ ಮತ್ತೆ ಮಡಿಲಿಗೆ. ಸಮಿತಿಯವರು ಕೇಳಿದ್ದು ನ್ಯಾಯವಾದದ್ದೇ: ಹಿಂದೆ ಮೊಲಗಳ ಮೇಲೆ ನೋಡಿದ ವಸ್ತುಗಳನ್ನೇ ಬಟ್ಟಲಲ್ಲಿ ನೋಡಿ, ಎರಡೂ ಉತ್ತರ ಒಂದಕ್ಕೊಂದು ಹೊಂದಬೇಕು. ನನ್ನ ತಂಪು ಕೋಣೆಯಿಂದ ಹಳೆಯ ಸೀಸೆಗಳು ಒಂದೊಂದಾಗಿ ಮೇಲಕ್ಕೆ ಹೋದವು. ಹೆಚ್ಚಿನವು ಹೊಂದಿದವು. ಕೆಲವು ಹೊಂದಲಿಲ್ಲ. ಮೊಲಕ್ಕೆ "ತೀವ್ರ" ಎಂದು ಬಂದಿದ್ದಕ್ಕೆ ಬಟ್ಟಲು "ಸೌಮ್ಯ" ಎನ್ನುತ್ತಿತ್ತು. ಅಪಾಯವಿಲ್ಲದ್ದನ್ನು ಅಪಾಯ ಎಂದರೆ ಸಮಿತಿ ಹೇಗೋ ಸಹಿಸುತ್ತದೆ. ಅಪಾಯವನ್ನೇ ಅಪಾಯವಲ್ಲ ಎಂದರೆ? ಯಾವುದೋ ಮಗುವಿನ ಕಣ್ಣು ಹೋದರೆ ಹೊಣೆ ಯಾರು? ಮುಂದಿನ ಸಭೆಯಲ್ಲಿ ತಿರಸ್ಕರಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಾಗಿಹೋಯಿತು.

ಮೇಡಂ ಮತ್ತೆ ಸೀಸೆ ಕೇಳಲು ಉಗ್ರಾಣಕ್ಕೆ ಬಂದವರು, ಕೇಳುವುದನ್ನು ಬಿಟ್ಟು ನನ್ನ ಸ್ಟೂಲಿನ ಮೇಲೆ ಕುಸಿದು ಅಳತೊಡಗಿದರು. "ಎಲ್ಲಿ ತಪ್ಪಿದೀನಿ ಗೊತ್ತಾಗ್ತಿಲ್ಲ ರೀ. ಮೂರು ಸಲ ಮಾಡಿದೆ. ಪದರಾನೇ ದಪ್ಪ ಆಗಿದೆಯೇನೋ. ನನ್ನ ಕೈಯೇ ಸರಿ ಇಲ್ವೇನೋ. ಎಲ್ಲಾ ಬಿಟ್ಟು ಹೋಗ್ಬಿಡ್ತೀನಿ."

ಮೊಲದಕ್ಕ ಒಳಗಿದ್ದರು. ಮೂಟೆಯನ್ನು ಕೆಳಗಿಟ್ಟು ಬಂದರು.

"ನಿಮ್ಮ ಬಟ್ಟಲು ಸರಿಯಾಗೇ ಹೇಳ್ತಿದೆ ಮೇಡಂ. ಸುಳ್ಳು ಹೇಳಿದ್ದು ನಾನು."

ನಮಗೆ ಅರ್ಥವಾಗಲಿಲ್ಲ. ಅವರು ನಿಂತೇ ಹೇಳಿದರು, ಸಾಲು ತಪ್ಪದ ಹಾಗೆ, ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದವರ ಹಾಗೆ. ಮೊದಲ ಮೊಲಕ್ಕೆ ಹಾಕಿ ನೋಡಿದಾಗ, ತೀರಾ ಕೇಡಿನದು ಯಾವುದು, ಏನೂ ಆಗದ್ದು ಯಾವುದು ಎಂದು ಯಾರಿಗಾದರೂ ತಿಳಿಯುತ್ತದೆ. ಈ ಎರಡರ ನಡುವೆ ಕೆಲವಿರುತ್ತವೆ. ಕೆಂಪಾಗುತ್ತದೆ, ನೀರು ಸುರಿಯುತ್ತದೆ, ವಾರದಲ್ಲಿ ಇಳಿಯುತ್ತದೆ. ಅಂಥವಕ್ಕೆ ಇನ್ನೆರಡು ಮೊಲ ಬೇಕು. ಮೊಲದಕ್ಕ ಅಂಥ ಕಡೆ ಅಂಕ ಏರಿಸಿ "ತೀವ್ರ" ಎಂದು ಬರೆದುಬಿಡುತ್ತಿದ್ದರು. ಪರೀಕ್ಷೆ ಒಂದೇ ಮೊಲಕ್ಕೆ ನಿಲ್ಲುತ್ತಿತ್ತು. ಬಾಗಿಲಲ್ಲಿ ನಿಂತ ಡಾಕ್ಟರು ಸಹಿ ಹಾಕುತ್ತಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. "ಆ ಸಾಬೂನಿನವರು?" ಎಂದು ಕೇಳಿಯೇಬಿಟ್ಟೆ.

"ಅವರದ್ದೂ ಹಾಗೇನೇ" ಎಂದರು. "ಅವರ ಕಣ್ಣು ನೋಡಿದ ದಿನ ಜೀವ ಬಾಯಿಗೆ ಬಂತು ಸ್ಟೋರಮ್ಮ. ಇನ್ಮೇಲೆ ಬೇಡ ಅಂದ್ಕೊಂಡೆ. ಆದ್ರೆ ಎರಡನೇ ಮೊಲ ಪಕ್ಕದ ಗೂಡಲ್ಲೇ ಇರುತ್ತೆ. ಮೊದಲನೇದು ಒದ್ದಾಡೋದನ್ನೆಲ್ಲ ನೋಡ್ತಿರುತ್ತೆ. ನಾನು ಬಾಗಿಲು ತೆಗೆದ್ರೆ, ಮೇವು ತಂದಳು ಅಂತ ಮುಂದಕ್ಕೆ ಬರುತ್ತೆ. ಅದನ್ನ ಎತ್ಕೊಳ್ಳೋಕೆ ನನಗೆ ಕೈ ಬರ್ತಿರಲಿಲ್ಲ."

"ಉಳಿದವು ಹೇಗಿದ್ರೂ ಮುಂದಿನ ಪರೀಕ್ಷೆಗೆ ಹೋಗ್ತಿದ್ವಲ್ಲ ಅಕ್ಕ?" ಮೇಡಂ ಮೆಲ್ಲಗೆ ಕೇಳಿದರು.

"ಹೋಗ್ತಿದ್ವು. ಅಷ್ಟು ದಿನವಾದ್ರೂ ಸಿಗ್ತಿತ್ತಲ್ಲ."

ಊರೆಲ್ಲ ಕಟುಕಿ ಎಂದಾಗ, ಸ್ವಂತ ತಮ್ಮನ ಮಗು ಕಿರುಚಿದಾಗ, ಈ ಹೆಂಗಸಿನ ನಾಲಗೆಯ ತುದಿಯಲ್ಲೇ ಉತ್ತರವಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಆ ಗೂಡುಗಳ ಮುಂದೆ ಬೇರೆ ಯಾರೋ ಬಂದು ನಿಲ್ಲುತ್ತಾರೆ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಉಂಡಿದ್ದರು.

ಮೇಡಂ ಈ ವಿಷಯ ಸಮಿತಿಗೆ ತಿಳಿಸಲು ಹಿಂಜರಿದರು. ಮೊಲದಕ್ಕನೇ ಅವರ ಕೈ ಹಿಡಿದು ನಿರ್ದೇಶಕರ ಕೋಣೆಗೆ ನಡೆದರು. ನಿರ್ದೇಶಕರು ಕೆಂಡಾಮಂಡಲವಾದರು. ಅವರ ಕೂಗು ನೆಲಮಾಳಿಗೆಯವರೆಗೂ ಕೇಳಿಸಿತು. ಸಂಸ್ಥೆಯ ಮಾನ ಹರಾಜಾಯಿತು, ಇಷ್ಟು ವರ್ಷದ ವರದಿಗಳಿಗೆ ಇನ್ನು ಬೆಲೆಯೇನು, ಎಂದು. ಆಮೇಲೆ ದನಿ ತಗ್ಗಿಸಿ ಪುಸಲಾಯಿಸಿದರಂತೆ: ನಿವೃತ್ತಿಗೆ ಹತ್ತಿರ ಬಂದಿದ್ದೀರಿ, ಏನೋ ಮನಸ್ಸು ಸರಿಯಿಲ್ಲದೆ ಅಂದೆ ಅಂತ ಹೇಳಿಬಿಡಿ, ಹಾರ ಹಾಕಿ ಕಳಿಸಿಕೊಡುತ್ತೇವೆ. ಮೊಲದಕ್ಕ ಒಪ್ಪಲಿಲ್ಲ. ತಮ್ಮನಿಗೂ ಸುದ್ದಿ ಮುಟ್ಟಿತು. ಅವನು ಗೇಟಿನ ಹತ್ತಿರ ಬಂದು, "ಸುಮ್ನಿರೋಕಾಗಲ್ವೇನಕ್ಕ? ನಮ್ಮ ಮುಖಾನಾದ್ರೂ ನೋಡಬಾರದಾ?" ಎಂದ. "ನೋಡ್ಬೇಕು ಅಂತ ಬಂದಾಗೆಲ್ಲ ನೀನು ತಲೆ ತಗ್ಗಿಸ್ತಿದ್ಯಲ್ಲೋ" ಎಂದರು ಇವರು. ಅವನ ಮೇಲೆ ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಮಿತಿ ಬಂತು. ಅದರ ಹಿರಿಯರು ವಯಸ್ಸಾದವರು, ಮೆದು ಮಾತಿನವರು. ಮೊಲದಕ್ಕ ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿಸಿಕೊಂಡರು. ಹೊಂದದೆ ಉಳಿದ ವಸ್ತುಗಳ ಸೀಸೆಗಳನ್ನು ನಾನು ಮೇಜಿನ ಮೇಲೆ ಜೋಡಿಸಿ ಅಲ್ಲೇ ನಿಂತಿದ್ದೆ.

"ಅಮ್ಮ, ನಿಮ್ಮ ಮಾತು ಸುಳ್ಳು ಅಂತ ನಾನು ಹೇಳಲ್ಲ" ಎಂದರು ಹಿರಿಯರು. "ಆದ್ರೆ ಒಂದು ಸಲ ತಪ್ಪು ಬರೆದಿದ್ದೀನಿ ಅನ್ನೋರ ಮಾತನ್ನ ಬರೀ ಮಾತಿನ ಮೇಲೆ ಒಪ್ಪೋದು ಹೇಗೆ? ಒಂದೇ ದಾರಿ. ಇಷ್ಟನ್ನೂ ಇನ್ನೊಂದ್ಸಲ ಮೊಲದ ಮೇಲೇ ನೋಡ್ಬೇಕು. ನಿಯಮದ ಪ್ರಕಾರ, ಪೂರ್ತಿ. ನೀವು ಹೇಳಿದ ಹಾಗೇ ಬಂದ್ರೆ ಮಾನ್ಯತೆ ಕೊಡ್ತೀವಿ. ನೀವು ಮಾತು ಹಿಂದಕ್ಕೆ ತಗೊಂಡ್ರೆ ಇದನ್ನ ತಿರಸ್ಕರಿಸಿ ಎದ್ದುಹೋಗ್ತೀವಿ."

ಪೂರ್ತಿ ಎಂದರೆ ಏನು ಎಂದು ನನಗೂ ಗೊತ್ತಿತ್ತು. ಮೊಲದಕ್ಕ ಹೇಳಿದ್ದು ನಿಜವಾದರೆ ಯಾವುದೂ ಒಂದು ಮೊಲಕ್ಕೆ ನಿಲ್ಲುವುದಿಲ್ಲ. ಪ್ರತಿಯೊಂದು ಸೀಸೆಗೂ ಎರಡನೆಯದು ಬೇಕು, ಮೂರನೆಯದು ಬೇಕು. ನಮ್ಮಲ್ಲಿ ಪರೀಕ್ಷೆ ಮುಗಿದ ಪ್ರಾಣಿ ಜೀವಂತ ಹೊರಗೆ ಹೋಗುವ ಹಾಗೂ ಇರಲಿಲ್ಲ.

ಮೇಡಂ ಎದ್ದು ನಿಂತರು. "ಬೇಡ ಸರ್. ಮೊಲ ಬೇಡ ಅಂತ ಮಾಡಿದ ಕೆಲಸ ಇದು. ಇದನ್ನ ಒಪ್ಪಿಸೋಕೆ ಮತ್ತೆ ಮೊಲಾನಾ? ತಿರಸ್ಕರಿಸಿ ಪರವಾಗಿಲ್ಲ. ಬೇರೆ ದಾರಿ ಹುಡುಕ್ತೀನಿ."

"ಎಷ್ಟು ದಿನ ಬೇಕು ಮೇಡಂ ಬೇರೆ ದಾರಿಗೆ?" ಮೊಲದಕ್ಕ ಕೇಳಿದರು.

"ಎರಡು ವರ್ಷ. ಮೂರಾಗಬಹುದು."

"ಅಷ್ಟರಲ್ಲಿ ಎಷ್ಟು ಹೋಗ್ತಾವೆ ಅಂತ ನನಗೆ ಗೊತ್ತು. ಇದೊಂದೇ ಕಟ್ಟಡವೂ ಅಲ್ವಲ್ಲ." ಅವರು ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. "ನಾನು ಮಾತು ಹಿಂದಕ್ಕೆ ತಗೊಳ್ಳಲ್ಲ ಸಾರ್. ಪರೀಕ್ಷೆ ಮಾಡಿ. ಅಂಕ ನೀವೇ ಹಾಕ್ಕೊಳ್ಳಿ, ನಾನು ನೋಡೋದೂ ಇಲ್ಲ. ಆದ್ರೆ ಹಿಡ್ಕೊಳ್ಳೋದು ನಾನೇ, ಹನಿ ಬಿಡೋದು ನಾನೇ. ಹೊಸ ಕೈ ಅಂದ್ರೆ ಅವಕ್ಕೆ ಭಯ."

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಆಗಲಿ ಎಂದರು.

ಆ ದಿನಗಳಲ್ಲಿ ಅವರು ಮೇವಿಗೆ ಬರುತ್ತಿದ್ದರು, ತೆಗೆದುಕೊಳ್ಳುತ್ತಿದ್ದರು, ಹೋಗುತ್ತಿದ್ದರು. ನಾನು ಬಾಯಿ ತೆರೆದರೆ ಕೈ ಎತ್ತಿ ತಡೆಯುತ್ತಿದ್ದರು. ಮೆಟ್ಟಿಲ ಮೇಲೆ ಊಟಕ್ಕೂ ಕೂರಲಿಲ್ಲ. ಸಮಿತಿಯ ಕಡೆಯಿಂದ ಬಂದ ಇಬ್ಬರು ಟಾರ್ಚು ಹಿಡಿದು ನೋಡಿ ಬರೆದುಕೊಂಡರು, ಬಾಗಿಲಲ್ಲಿ ನಿಂತಲ್ಲ, ಮೊಲದ ಮುಂದೆಯೇ ಮಂಡಿಯೂರಿ. ಎಲ್ಲವೂ ಮೊಲದಕ್ಕ ಹೇಳಿದ ಹಾಗೆಯೇ ಬಂತು. ಕೆಂಪಾಯಿತು, ನೀರು ಸುರಿಯಿತು, ಇಳಿಯಿತು. ಬಟ್ಟಲು ಹೇಳಿದ್ದೂ ಅದನ್ನೇ. ಕೊನೆಯಲ್ಲಿ ಪಶುವೈದ್ಯರು ಬಂದು ಚುಚ್ಚುಮದ್ದು ಕೊಟ್ಟಾಗಲೂ ಒಂದೊಂದನ್ನೂ ಮಡಿಲಲ್ಲಿ ಹಿಡಿದು ಕುಳಿತದ್ದು ಮೊಲದಕ್ಕನೇ. ಅದು ಮುಗಿದ ವಾರವೇ ಅವರನ್ನು ಕೆಲಸದಿಂದ ತೆಗೆದರು. ಸುಳ್ಳು ಬರೆದದ್ದು ಸುಳ್ಳು ಬರೆದದ್ದೇ, ನಿರ್ದೇಶಕರ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ನೋಡದೆ ಸಹಿ ಹಾಕಿದ ಡಾಕ್ಟರಿಗೆ ಮಾತ್ರ ಬೇರೆ ಮಹಡಿಗೆ ವರ್ಗ ಆಯಿತು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಮಾನ್ಯತೆ ಬಂತು. ಹಿಂದೆಯೇ ಮೇಡಂಗೆ ದೊಡ್ಡ ಪ್ರಶಸ್ತಿಯೂ ಬಂತು. ನಮ್ಮ ಸಭಾಂಗಣದಲ್ಲೇ ಸಮಾರಂಭ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತರು. ಇನ್ನು ಮುಂದೆ ಲೆಕ್ಕವಿಲ್ಲದಷ್ಟು ಮೂಕಪ್ರಾಣಿಗಳು ಉಳಿಯುತ್ತವೆ ಎಂದು ಅತಿಥಿಗಳು ಹೇಳಿದಾಗ ಚಪ್ಪಾಳೆಯೋ ಚಪ್ಪಾಳೆ. ನಿರ್ದೇಶಕರು ಎಲ್ಲರಿಗೂ ಕೃತಜ್ಞತೆ ಹೇಳಿದರು, ತಂಪುಯಂತ್ರ ರಿಪೇರಿಯವರಿಗೂ ಹೇಳಿದರು. ಆಮೇಲೆ ಮೇಡಂ ಎದ್ದರು.

"ಒಬ್ಬರು ಇಲ್ಲದಿದ್ರೆ ನಾನು ಇಲ್ಲಿ ನಿಲ್ತಿರಲಿಲ್ಲ" ಎಂದರು. "ಅವರ ಹೆಸರು ಹೇಳಬಾರದು ಅಂತ ಅಪ್ಪಣೆ ಆಗಿದೆ. ಹೇಳಲ್ಲ. ನಾವೆಲ್ಲ ಅವರನ್ನ ಮೊಲದಕ್ಕ ಅಂತೀವಿ."

ಸಭೆ ಗೊಳ್ಳೆಂದು ನಕ್ಕಿತು. ತಮಾಷೆ ಎಂದುಕೊಂಡರು. ಮೇಡಂ ನಗಲಿಲ್ಲ. ಮೈಕು ಬಿಟ್ಟು ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತುಬಿಟ್ಟರು. ನನಗೆ ಅಲ್ಲಿ ಕೂರಲಾಗದೆ ಎದ್ದು ಬಂದುಬಿಟ್ಟೆ.

ನೇರವಾಗಿ ಮೊಲದಕ್ಕನ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಮೂರನೆಯ ಮಹಡಿಯ ಮೇಲೆ, ನೀರಿನ ತೊಟ್ಟಿಯ ಪಕ್ಕ ಒಂದು ಕೋಣೆ. ಬಾಗಿಲು ತೆರೆದು, ನನ್ನನ್ನು ನೋಡಿ, ಯಾರಾದರೂ ಸತ್ತರೇನೋ ಎಂಬಂತೆ ಗಾಬರಿಯಾದರು. ಒಂದೇ ಕುರ್ಚಿ ಇತ್ತು. ನನ್ನನ್ನು ಅದರ ಮೇಲೆ ಕೂರಿಸಿ ತಾವು ಮಂಚದ ಅಂಚಿನಲ್ಲಿ ಕುಳಿತರು. ಒಂದೇ ಲೋಟ ಇದ್ದದ್ದರಿಂದ ನನಗೆ ಲೋಟದಲ್ಲಿ ಚಹಾ ಕೊಟ್ಟು ತಾವು ಬಟ್ಟಲಲ್ಲಿ ಹಾಕಿಕೊಂಡರು. ಆ ಮನೆಗೆ ಬೇರೆ ಯಾರೂ ಬಂದು ಕುಳಿತದ್ದಿಲ್ಲ ಎಂದು ಕೇಳದೆಯೇ ತಿಳಿಯುತ್ತಿತ್ತು.

ಎಲ್ಲವನ್ನೂ ಹೇಳಿದೆ. ಸಭೆ ನಕ್ಕಿದ್ದನ್ನು ಬಿಟ್ಟು.

"ಇನ್ಮೇಲೆ ಆ ಕೋಣೆಗೆ ಮೊಲ ಬರಲ್ಲ ಅಲ್ವಾ?" ಎಂದರು.

"ಬರಲ್ಲ ಕಣ್ರೀ. ಗೂಡೆಲ್ಲ ಬಿಚ್ಚಿ ಸಾಗಿಸ್ತಿದ್ದಾರೆ. ಎಲ್ಲೂ ಬರಲ್ಲ."

ತಲೆಯಾಡಿಸಿದರು. ಪಕ್ಕದ ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. "ಖುಷಿ ಪಡ್ರೀ" ಎಂದೆ, ಸ್ವಲ್ಪ ಜೋರಾಗಿಯೇ. "ನಿಮ್ಮಿಂದ ಆಗಿದ್ದು ಇದು. ಕೊರಗ್ತಾ ಕೂತ್ಕೋಬೇಡಿ."

"ಖುಷೀನೇ ಸ್ಟೋರಮ್ಮ. ಅವರೆಲ್ಲರಿಗಿಂತ ಜಾಸ್ತೀನೇ ಆಗಿದೆ ನನಗೆ." ಬಟ್ಟಲಿನ ಚಹಾ ಹಾಗೇ ಆರುತ್ತಿತ್ತು. "ಇಷ್ಟು ವರ್ಷ ಎರಡನೇದನ್ನ ಉಳಿಸಿದೀನಿ ಅಂತ ಒಂದು ಸಮಾಧಾನ ಇತ್ತು. ಯಾರು ಏನಂದ್ರೂ ಅದನ್ನ ನೆನೆಸ್ಕೊಂಡು ಮಲಗ್ತಿದ್ದೆ. ಉಳಿಸಿರಲಿಲ್ಲ. ಬಾಕಿ ಇಟ್ಟಿದ್ದೆ, ಅಷ್ಟೇ. ಅಷ್ಟನ್ನೂ ಒಟ್ಟಿಗೆ ನನ್ನ ಕೈಯಲ್ಲೇ ಮಾಡಬೇಕಾಯ್ತು."

ನಾನು ಎದ್ದು ಅವರ ಪಕ್ಕ ಮಂಚದ ಮೇಲೆ ಕುಳಿತೆ. ನನಗೇ ಅಳು ಬಂದುಬಿಟ್ಟಿತ್ತು.

"ಒಂದಾದರೂ ಕಚ್ಚಿದ್ರೆ ಚೆನ್ನಾಗಿತ್ತು" ಎಂದರು ಮೊಲದಕ್ಕ. "ಒದ್ದಾಡಿ ತಪ್ಪಿಸ್ಕೊಳ್ಳೋಕೆ ನೋಡಿದ್ರೂ ಸಾಕಾಗಿತ್ತು. ಒಂದೂ ಹಾಗೆ ಮಾಡಲಿಲ್ಲ ಸ್ಟೋರಮ್ಮ. ನಾನು ಅಂತ ಗೊತ್ತಲ್ಲ. ಮುಖ ಎತ್ಕೊಂಡು ಸುಮ್ಮನೆ ಕೂತಿದ್ವು."